ಭಾಲ್ಕಿಗೆ ಹೋದ ಪಂಪು, ಬೀದರಿನಲ್ಲಿ ಹಸಿರು ದೀಪ

ಸರ್ಕಾರಿ ಕಚೇರಿಗೆ ಸಿಟ್ಟಿನಿಂದ ಹೋಗಿ ನಗುತ್ತ ಹೊರಬರುವುದು ನನಗೆ ರೂಢಿಯಾಗಿದೆ. ಏಳನೇ ಇಯತ್ತೆಗೇ ಸಾಲಿ ಬಿಟ್ಟವನು ನಾನು. ಊರವರ ಪರವಾಗಿ ನಮ್ಮ ಔರಾದಿನ ನಳಕ್ಕೆ ನೀರು ಕೇಳಲು ಹೋಗುತ್ತೇನೆ, ತಮಾಷೆ ಅವರೇ ಮಾಡುತ್ತಾರೆ.

ಹಲ್ಲಿ

ಔರಾದಿನ ಪಂಪ್‌ಹೌಸಿನ ಹಳೇ ಆಪರೇಟರ್ ದಿನಾ ಬೆಳಿಗ್ಗೆ ಕೋಲಿನ ಒಂದು ತುದಿ ಪಂಪಿಗೆ, ಇನ್ನೊಂದು ತುದಿ ಕಿವಿಗೆ ಹಚ್ಚಿ ಕೇಳುತ್ತಾನೆ. ಬೇರಿಂಗ್ ಸವೆದರೆ ಅವನಿಗೇ ಮೊದಲು ಗೊತ್ತು.

ಬೀದರಿನ ನೀರಿನ ಕಚೇರಿಯಿಂದ ಬಂದ ಸಾಹೇಬರು ಅಯಸ್ಕಾಂತದ ಡಬ್ಬಿಯೊಂದನ್ನು ಪಂಪಿಗೆ ಅಂಟಿಸಿದರು. "ಇದು ಸೆನ್ಸರ್. ಒಳಗ ಸಿಮ್ ಅದ. ಪಂಪಿನ ನಡುಕ, ಬಿಸಿ ಕ್ಷಣಕ್ಷಣಕ್ಕೂ ನಮ್ಮ ಪರದೆ ಮ್ಯಾಲ ಬರ್ತದ. ಚಾಲೂ, ಬಂದ್ ಎಲ್ಲಾ ಬೀದರದಿಂದನೇ. ಬರೋ ತಿಂಗಳಿಂದ ನೀ ಬ್ಯಾಡ."

"ಸ್ಟಾರ್ಟರಿನಾಗ ಹಲ್ಲಿ ಕೂತ್ರ ಬೀದರದಿಂದ ಹ್ಯಾಂಗ ತೆಗಿತೀರಿ, ಸಾಹೇಬ್ರ?"

ಸಾಹೇಬರು ಮೊಬೈಲಿನಲ್ಲಿ ದೋಷಗಳ ಪಟ್ಟಿ ಹುಡುಕಿದರು. ಹಲ್ಲಿಗೆ ಕಾಲಂ ಇರಲಿಲ್ಲ.

ಕರೆಂಟು

ಆಪರೇಟರನನ್ನು ತೆಗೆಯಬಾರದೆಂದು ಅರ್ಜಿ ಹಿಡಿದು ಬೀದರಿಗೆ ಹೋದೆ. ಗೋಡೆ ತುಂಬ ಪರದೆ, ಎಲ್ಲಾ ಹಸಿರು.

"ನೋಡ್ರಿ, ಇಲ್ಲೇ ಕೂತ್ರ ಇಡೀ ಜಿಲ್ಲಾ ಕಾಣ್ತದ," ಎಂದರು ಸಾಹೇಬರು. ಆಗಲೇ ಕರೆಂಟು ಹೋಯಿತು. ಜಿಲ್ಲೆಯೂ ಹೋಯಿತು.

ಸಾಹೇಬರು ಆಪರೇಟರನಿಗೇ ಫೋನ್ ಹಚ್ಚಿದರು. "ಪಂಪ್ ನಡದದೇನೋ?"

"ನಡದದ್ರಿ. ಕೇಳಸ್ಲೇನು?" ಅವನು ಫೋನನ್ನು ಪಂಪಿನ ಹತ್ತಿರ ಹಿಡಿದ. ಕರೆಂಟು ಬರುವತನಕ ಇಡೀ ಕಚೇರಿ ಗರ್ರೆನ್ನುವ ಸದ್ದು ಕೇಳುತ್ತ ಕೂತಿತು.

ಆರೋಗ್ಯವಂತ ಪಂಪು

ಮುಂದಿನ ವಾರ ಮೋಟಾರು ಸುಟ್ಟಿತು; ತಂತಿ ಸುತ್ತಿಸಲು ಊರವರೇ ಪಂಪನ್ನು ಭಾಲ್ಕಿಗೆ ಕಳಿಸಿದರು. 'ಸೆನ್ಸರ್ ಪಂಪ್‌ಹೌಸ್ ಬಿಟ್ಟು ಹೊರಗೆ ಹೋಗಕೂಡದು' ಎಂದು ಕಚೇರಿಯದೇ ಆದೇಶವಿತ್ತು. ಆಪರೇಟರ್ ಸೆನ್ಸರನ್ನು ಕಿತ್ತು ಅಲ್ಲಿದ್ದ ಕಬ್ಬಿಣದ ಅಲ್ಮಾರಿಗೆ ಅಂಟಿಸಿದ.

ಎಂಟು ದಿನ ನೀರಿಲ್ಲ. ಹೆಣ್ಣುಮಕ್ಕಳು ಕೊಡ ಹಿಡಿದು ನನ್ನ ಮನೆ ಮುಂದೆ ನಿಂತರು. ಪಂಪೂ ಇಲ್ಲ, ನೀರೂ ಇಲ್ಲ ಎಂದು ಬೀದರಿಗೆ ಫೋನ್ ಮಾಡಿದೆ.

"ಸುಳ್ಳ ಹೇಳಬ್ಯಾಡ್ರಿ," ಎಂದರು ಸಾಹೇಬರು. "ನಡುಕಿಲ್ಲ, ಬಿಸಿಯಿಲ್ಲ. ಜಿಲ್ಲಾದಾಗ ಇಂಥಾ ಆರೋಗ್ಯವಂತ ಪಂಪ್ ಇನ್ನೊಂದಿಲ್ಲ!"

ಅಲ್ಮಾರಿಯನ್ನು ಅಷ್ಟು, ಅದನ್ನು ಮಾಡಿದ ಕಮ್ಮಾರನೂ ಹೊಗಳಿರಲಿಕ್ಕಿಲ್ಲ.

ಬೇರಿಂಗ್

ಕೆಲಸದಿಂದ ತೆಗೆದ ಕಾಗದ ಒಯ್ಯಲು ಆಪರೇಟರನಿಗೆ ಬೀದರಿನಿಂದ ಕರೆ ಬಂತು. ನನಗೆ ತಲೆ ಕೆಟ್ಟಿತು. ಸೆನ್ಸರನ್ನು ನನ್ನ ಗಾಡಿಯ ಪೆಟ್ರೋಲ್ ಟ್ಯಾಂಕಿಗೆ ಅಂಟಿಸಿ, ಕೋಲಿನ ಸಮೇತ ಅವನನ್ನು ಹಿಂದೆ ಕೂಡಿಸಿಕೊಂಡು ಹೊರಟೆ. ಜನವಾಡದ ಹತ್ತಿರ ಅವನ ಫೋನು ಹೊಡೆದುಕೊಂಡಿತು.

"ಏಯ್, ಪಂಪ್ ಬಂದ್ ಮಾಡೋ! ಇಲ್ಲಿಂದ ಆಗವಲ್ದು! ಪರದೆ ಕೆಂಪಾಗ್ಯಾದ! ಭಾಳ ನಡಗಲಿಕತ್ತದ!"

"ತಗ್ಗು ಅವ ರೀ, ಸಾಹೇಬ್ರ. ಮುಂದ ರಸ್ತಾ ಚಲೋ ಅದ."

"ಎಲ್ಲಿದ್ದೀ ನೀ?"

"ಜನವಾಡದಾಗ."

"ಪಂಪು?"

"ಭಾಲ್ಕಿದಾಗ."

ಕಚೇರಿ ತಲುಪಿದಾಗ ಸಾಹೇಬರು ಕೆಂಡವಾಗಿದ್ದರು. ನಾನು ಸೆನ್ಸರನ್ನು ಅವರ ಕಬ್ಬಿಣದ ಮೇಜಿಗೆ ಅಂಟಿಸಿದೆ.

"ನಮ್ಮ ಸಿಸ್ಟಮಿನಾಗ ತಪ್ಪೇ ಇಲ್ಲ!" ಎಂದು ಅವರು ಮೇಜು ಗುದ್ದಿದರು. ಪರದೆ ಕೆಂಪಾಯಿತು: 'ಔರಾದ್ ಪಂಪ್ ಅಪಾಯದಲ್ಲಿದೆ.' ಮತ್ತೆ ಗುದ್ದಿದರು. 'ತಕ್ಷಣ ಆಪರೇಟರನನ್ನು ಕಳಿಸಿ.'

"ಕಳಿಸ್ರಿ," ಎಂದೆ. "ತೆಗೆದು ಹಾಕಿದರ ಯಾರಿಗಿ ಕಳಿಸ್ತೀರಿ?"

ಸಾಹೇಬರು ಪರದೆ ನೋಡಿದರು, ಕಾಗದ ನೋಡಿದರು, ಕೊನೆಗೆ ಕಾಗದ ಹರಿದರು.

ಆಪರೇಟರ್ ಆಗಲೇ ಕೆಲಸ ಶುರು ಮಾಡಿದ್ದ. ಕೋಲಿನ ಒಂದು ತುದಿ ಮೇಜಿಗೆ, ಇನ್ನೊಂದು ಕಿವಿಗೆ.

"ಮೇಜು ಚಲೋ ಅದರಿ," ಎಂದ. "ಬೇರಿಂಗ್ ಹೋದದ್ದು ಕುರ್ಚಿ ಮ್ಯಾಲಿಂದು."