ಪುರಾವೆ ಕೇಳುವ ಅತ್ತೆ

ನಮ್ಮ ಸೋದರತ್ತೆ ಒಮ್ಮೆ ಒಬ್ಬ ಗಂಡಸಿಗೆ ಹೆರಿಗೆ ಮಾಡಿಸಲು ಹೊರಟಿದ್ದರು. ಮಗು ಹುಟ್ಟಲಿಲ್ಲ, ಅದು ಬೇರೆ ಮಾತು.

ಅತ್ತೆ ಮದುವೆಯಾಗಲಿಲ್ಲ. ಹಲಸೂರಿನ ನಮ್ಮ ಮನೆಯಲ್ಲೇ ಇದ್ದು, ಹತ್ತಿರದ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ಕಿರಿಯ ಡಾಕ್ಟರಾಗಿದ್ದರು. ಆಸ್ಪತ್ರೆ ಹಿರಿಯ ಡಾಕ್ಟರಮ್ಮನದು, ಆಡಳಿತ ಆಕೆಯ ಗಂಡನದು. ಅಲ್ಲಿನ ನಿಯಮಗಳು ಹೀಗಿದ್ದವು: ನೋವು ಬಂದವರು ಅಂಗಾತ ಮಲಗಬೇಕು. ಏಳಬಾರದು, ನೀರು ಕುಡಿಯಬಾರದು, ಕಿರುಚಬಾರದು. ಚೊಚ್ಚಲ ಹೆರಿಗೆಯಾದರೆ ಬೇಕಿರಲಿ ಬೇಡದಿರಲಿ ಮಗು ಬರುವ ದಾರಿಗೆ ಕತ್ತರಿ ಹಾಕಿ, ಆಮೇಲೆ ಹೊಲಿಯಬೇಕು. ಅತ್ತೆ "ಯಾಕೆ?" ಎಂದು ಕೇಳಿದರೆ "ಮೊದಲಿಂದ ಹೀಗೇ" ಎಂಬ ಉತ್ತರ ಬರುತ್ತಿತ್ತು. ಮೊದಲಿಂದ ಎಂದರೆ ಯಾವಾಗಿನಿಂದ, ಯಾರು ನೋಡಿ ಹೇಳಿದರು ಎಂದು ಅತ್ತೆ ಮತ್ತೆ ಕೇಳುವರು.

ಒಂದು ದಿನ ಆಸ್ಪತ್ರೆಗೆ ಹೊಸ ಹೆರಿಗೆ ಮೇಜು ಬಂತು. ಅದೆಷ್ಟು ಗಟ್ಟಿ ಎಂದು ತೋರಿಸಲು ಆಡಳಿತದ ಮಹಾಶಯರು ತಾವೇ ಹತ್ತಿ ಮಲಗಿದರು. ಅತ್ತೆ ಅವರ ಎರಡೂ ಕಾಲುಗಳನ್ನು ಕಬ್ಬಿಣದ ಕಂಬಿಗಳ ಮೇಲೆ ಏರಿಸಿ ಪಟ್ಟಿ ಬಿಗಿದುಬಿಟ್ಟರು.

"ಈಗ ಮುಕ್ಕಿ," ಎಂದರು.

"ಏನನ್ನ ಮುಕ್ಕಲಿ? ಬಿಚ್ಚಿ ಡಾಕ್ಟ್ರೇ, ತಮಾಷೆ ಸಾಕು."

"ಬೆಳಿಗ್ಗೆ ಕಕ್ಕಸಲ್ಲಿ ಮುಕ್ತೀರಲ್ಲ, ಹಾಗೆ. ಅಲ್ಲೂ ಹೀಗೇ ಅಂಗಾತ ಮಲಗಿ, ಕಾಲು ಮೇಲಕ್ಕೆತ್ತಿಕೊಂಡೇ ಕೂತ್ಕೋತೀರಾ?"

ಮಹಾಶಯರು ಮೇಜಿನಿಂದ ಇಳಿದರು. ನಿಯಮ ಮಾತ್ರ ಇಳಿಯಲಿಲ್ಲ.

ಮನೆಯಲ್ಲೂ ಅತ್ತೆಯದು ಇದೇ ಕಾಟ. ಎಲ್ಲರಿಗೂ ನೆಗಡಿ ಬಂದಾಗ ಅಜ್ಜಿ ಕಷಾಯ ಕುದಿಸಿದರೆ, "ಅರ್ಧ ಜನಕ್ಕೆ ಕೊಡು, ಅರ್ಧ ಜನಕ್ಕೆ ಬರೀ ಬಿಸಿನೀರು. ಯಾರಿಗೆ ಮೊದಲು ವಾಸಿಯಾಗುತ್ತೆ ನೋಡೋಣ" ಎನ್ನುವರು. ಅಪ್ಪ ತಮ್ಮ ಪಾಲಿನ ಕಷಾಯವನ್ನು ಗುಟ್ಟಾಗಿ ಕರಿಬೇವಿನ ಗಿಡಕ್ಕೆ ಸುರಿದದ್ದು ತಿಳಿದಾಗ, ಸಂಶೋಧನೆ ಕೆಟ್ಟಿತೆಂದು ಅತ್ತೆ ಎರಡು ದಿನ ಅಪ್ಪನ ಜೊತೆ ಮಾತು ಬಿಟ್ಟರು. ಅಷ್ಟರಲ್ಲಿ ಎಲ್ಲರ ನೆಗಡಿಯೂ ವಾಸಿಯಾಗಿತ್ತು.

ಅವರ ವೈದ್ಯಪತ್ರಿಕೆಗಳು ಬರುತ್ತಿದ್ದದ್ದು ಶಿವಾಜಿನಗರದ ಹಳೇ ಪೇಪರ್ ಅಂಗಡಿಯಿಂದ. ಹೊರದೇಶದ ಯಾವನೋ ಹೆರಿಗೆಯ ಬಗ್ಗೆ ವರ್ಷಗಟ್ಟಲೆ ಸಂಶೋಧನೆ ಮಾಡಿ ಬರೆದಿರುತ್ತಿದ್ದ. ಅವನ ತೀರ್ಮಾನವಿದ್ದ ಕೊನೆಯ ಪುಟದಲ್ಲಿ ಯಾರೋ ಕಡಲೆಕಾಯಿ ಕಟ್ಟಿಸಿಕೊಂಡು ಹೋಗಿರುತ್ತಿದ್ದರು. "ಒಳ್ಳೇದೇ ಆಯ್ತು, ತೀರ್ಮಾನ ನಾನೇ ಮಾಡ್ಕೋತೀನಿ," ಎಂದು ಅತ್ತೆ ಆ ಪತ್ರಿಕೆಗಳನ್ನು ಕಟ್ಟುಕಟ್ಟಾಗಿ ದಾರದಲ್ಲಿ ಬಿಗಿದು ಇಡುತ್ತಿದ್ದರು. ಆ ಕಟ್ಟನ್ನು ಬೇರೆ ಯಾರೂ ಬಿಚ್ಚುವಂತಿರಲಿಲ್ಲ.

ಅಜ್ಜಿಗೆ ಒಂದು ನಂಬಿಕೆ ಇತ್ತು. ಮನೆಯ ಹೆಣ್ಣು ಹೆರಿಗೆ ನೋವು ತಿನ್ನುವಾಗ ಮನೆಯಲ್ಲಿ ಯಾವುದೂ ಮುಚ್ಚಿರಬಾರದು, ಕಟ್ಟಿರಬಾರದು. ನನ್ನ ತಮ್ಮ ಹುಟ್ಟುವ ದಿನ ಅಜ್ಜಿ ಬೀಗಗಳನ್ನೆಲ್ಲ ತೆಗೆದು, ಡಬ್ಬಗಳ ಮುಚ್ಚಳ ಬಿಚ್ಚಿ, ತಮ್ಮ ತುರುಬನ್ನೂ ಬಿಚ್ಚಿಕೊಂಡು ಕೂತರು. ತಮ್ಮ ಸುಖವಾಗಿ ಹುಟ್ಟಿದ. ಹಿತ್ತಲಿನಲ್ಲಿದ್ದ ತಾಮ್ರದ ಹಂಡೆ ಕಳುವಾಯಿತು.

"ಹಂಡೆ ಹೋಗಿದ್ದಕ್ಕೆ ಪುರಾವೆ ಇದೆ," ಎಂದರು ಅತ್ತೆ. "ಬೀಗ ತೆಗೆದಿದ್ದಕ್ಕೇ ಮಗು ಬಂತು ಅನ್ನೋದಕ್ಕೆ ಏನಿದೆ?"

"ನೀನು ಹಡೆದಿದ್ರೆ ಕೇಳ್ತಿರಲಿಲ್ಲ ಬಿಡು," ಎಂದರು ಅಜ್ಜಿ. ಅತ್ತೆ ಎದ್ದು ಹೋಗಿ ಡಬ್ಬಗಳ ಮುಚ್ಚಳ ಒಂದೊಂದಾಗಿ ಮುಚ್ಚತೊಡಗಿದರು.

ಎಪ್ಪತ್ತರ ದಶಕದ ಮೊದಲಲ್ಲಿ ನಾನು ಚೊಚ್ಚಲ ಹೆರಿಗೆಗೆ ತವರಿಗೆ ಬಂದೆ. ಅಷ್ಟರಲ್ಲಿ ಅಜ್ಜಿ ತೀರಿಕೊಂಡಿದ್ದರು. ನೋವು ಬಂದ ಬೆಳಿಗ್ಗೆ ಅದೇ ಆಸ್ಪತ್ರೆಗೆ ಸೇರಿದೆ. ಸ್ವಂತದವರ ಹೆರಿಗೆಯನ್ನು ಅತ್ತೆ ಮಾಡಿಸಕೂಡದು ಎಂದು ಹಿರಿಯ ಡಾಕ್ಟರಮ್ಮ ಅವರನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದರು.

ಇನ್ನು ಮುಂದಿನದನ್ನು ನಾನು ನಿಧಾನವಾಗಿ, ನಡೆದದ್ದು ನಡೆದಂತೆಯೇ ಬರೆಯಬೇಕು. ಈಗಲೂ ನೆನೆದರೆ ಮೈ ಉರಿಯುತ್ತದೆ. ನನ್ನನ್ನು ಅಂಗಾತ ಮಲಗಿಸಿ ಕಾಲು ಕಟ್ಟಿದರು. ಮಗ್ಗುಲಾಗಬೇಕೆಂದರೆ ಭುಜ ಹಿಡಿದು ಒತ್ತಿದರು. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ನೀರು ಕೇಳಿದೆ. ನರ್ಸು ಕೊಡಲಿಲ್ಲ. ಕಿರುಚಿದೆ.

"ಏನಮ್ಮಾ, ಆವತ್ತು ಗಂಡನ ಜೊತೆ ಖುಷಿಯಾಗಿತ್ತಲ್ಲ, ಇವತ್ತು ಯಾಕೆ ಅಳು?" ಎಂದಳು.

ನಾನು ಯಾವ ಅಪರಾಧ ಮಾಡಿದ್ದೆ? ಮದುವೆಯಾಗಿ, ಬಸುರಿಯಾಗಿ, ಹಣ ಕಟ್ಟಿ ಬಂದ ಹೆಣ್ಣನ್ನು ಹೀಗೆ ಕೇಳುವ ಹಕ್ಕು ಇವಳಿಗೆ ಯಾವ ಪಾಠದಲ್ಲಿ ಸಿಕ್ಕಿತ್ತು? ಆ ಮಾತಿಗಿಂತ ನೋವೇ ವಾಸಿ ಎನಿಸಿತು.

ಮಧ್ಯಾಹ್ನವಾದರೂ ಮಗು ಕೆಳಗಿಳಿಯಲಿಲ್ಲ. ಇಕ್ಕಳ ಹಾಕಿ ಎಳೆಯುವ ಮಾತು ಬಂತು. ಅಮ್ಮ ಹೊರಗೆ ಓಡಿ ನೋಡಿದರೆ ಬೆಂಚು ಖಾಲಿ. "ಇಂಥಾ ಹೊತ್ತಲ್ಲಿ ಅತ್ತಿಗೆ ಎಲ್ಲಿಗೆ ಹೋದ್ರು?" ಎಂದು ಅಮ್ಮ ಗೋಳಾಡುತ್ತಿದ್ದದ್ದು ಒಳಗೆ ನನಗೆ ಕೇಳಿಸಿತು.

ಸ್ವಲ್ಪ ಹೊತ್ತಿಗೆ ಬಾಗಿಲು ತಳ್ಳಿಕೊಂಡು ಅತ್ತೆ ಬಂದರು. ಬಿಸಿಲಲ್ಲಿ ಓಡಿ ಬಂದು ಬೆವರುತ್ತಿದ್ದರು. ಸದಾ ಬಿಗಿಯಾಗಿರುತ್ತಿದ್ದ ತುರುಬು ಬಿಚ್ಚಿ, ನರೆಗೂದಲು ಬೆನ್ನ ತುಂಬ ಹರಡಿತ್ತು.

"ಮಗುವಿನ ಎದೆಬಡಿತ?" ಎಂದು ಕೇಳಿದರು.

"ಚೆನ್ನಾಗೇ ಇದೆ," ಎಂದರು ಡಾಕ್ಟರಮ್ಮ.

"ಇವಳಿಗೆ ಜ್ವರ, ರಕ್ತಸ್ರಾವ?"

"ಇಲ್ಲ."

"ಹಾಗಾದ್ರೆ ಅವಸರ ಯಾರಿಗೆ?"

"ನಂಗೆ ಐದು ಗಂಟೆಗೆ ಶಿವಾಜಿನಗರದಲ್ಲಿ ಒಂದು ಆರತಕ್ಷತೆ ಇದೆ ಕಣ್ರೀ."

"ನೀವು ಹೋಗ್ಬನ್ನಿ. ಇಕ್ಕಳ ಬೇಕಾದ್ರೆ ನಾನೇ ಹಾಕ್ತೀನಿ. ಬೇಕಾಗೋ ಮುಂಚೆ ಹಾಕಲ್ಲ."

ಡಾಕ್ಟರಮ್ಮ ಗಡಿಯಾರ ನೋಡಿ ಹೊರಟರು. ಅತ್ತೆ ಪಟ್ಟಿ ಬಿಚ್ಚಿದರು. ನೀರು ಕುಡಿಸಿದರು. ನೆಲದ ಮೇಲೆ ದುಪ್ಪಟಿ ಹಾಸಿ, ತಮ್ಮ ಕೊರಳಿಗೆ ಜೋತುಬಿದ್ದು ಕುಕ್ಕರಗಾಲಲ್ಲಿ ಕೂರಲು ಹೇಳಿದರು. ಮಗುವಿನ ಎದೆಬಡಿತವನ್ನು ಮತ್ತೆ ಮತ್ತೆ ಕಿವಿಗೊಟ್ಟು ಕೇಳುತ್ತಿದ್ದರು. ಕೊನೆಯಲ್ಲಿ ಮಗ್ಗುಲಾಗಿ ಮಲಗಿಸಿ, "ಈಗ ಮೆಲ್ಲಗೆ ಮುಕ್ಕು ಕಂದಾ, ಕೂಗ್ಬೇಕು ಅನ್ಸಿದ್ರೆ ಕೂಗು," ಎಂದರು. ಆಸ್ಪತ್ರೆಯೆಲ್ಲ ಕೇಳುವಂತೆ ಕೂಗಿದೆ. ಮಗಳು ಹುಟ್ಟಿದಳು. ಕತ್ತರಿ ತಟ್ಟೆಯಲ್ಲೇ ಉಳಿಯಿತು.

ಮಗು ಅತ್ತ ಮೇಲೆ ಅತ್ತೆ ಗೋಡೆಗೆ ತಿರುಗಿ ತುರುಬು ಕಟ್ಟಿಕೊಂಡರು.

ಮಗುವಿನೊಡನೆ ಮನೆಗೆ ಬಂದಾಗ ಅಮ್ಮನ ಮುಖದಲ್ಲಿ ಸಿಟ್ಟು. "ನೋಡೇ, ಮನೆ ಏನಾಗಿದೆ." ಆ ಮಧ್ಯಾಹ್ನದಿಂದ ಯಾರೂ ಸರಿಮಾಡಿರಲಿಲ್ಲ. ಟ್ರಂಕುಗಳೆಲ್ಲ ಬಾಯಿ ತೆರೆದಿದ್ದವು. ಉಪ್ಪಿನಕಾಯಿ ಜಾಡಿಯ ಮೇಲಿನ ಬಟ್ಟೆ ಬಿಚ್ಚಿತ್ತು. ಸಕ್ಕರೆ ಡಬ್ಬದ ತುಂಬ ಇರುವೆ. ಯಾರೂ ಮುಟ್ಟುವಂತಿಲ್ಲದ ವೈದ್ಯಪತ್ರಿಕೆಗಳ ಕಟ್ಟುಗಳೂ ಬಿಚ್ಚಿಕೊಂಡು, ಹಾಳೆಗಳು ನಡುಮನೆಯೆಲ್ಲ ಹಾರಾಡುತ್ತಿದ್ದವು.

ನಾನು ಅತ್ತೆಯನ್ನು ನೋಡಿದೆ. "ಅತ್ತೆ, ಪುರಾವೆ?" ಎಂದೆ.

"ಒಂದೇ ಕೇಸು ಕಣೇ," ಎಂದರು ಅತ್ತೆ, ಮುಖ ತಿರುಗಿಸಿ. "ಒಂದು ಕೇಸಿನಿಂದ ಏನೂ ಹೇಳಕ್ಕಾಗಲ್ಲ."

ಆಮೇಲೆ ಮೊರ ತಂದು, ಸಕ್ಕರೆ ಹರಡಿ, ಹಿತ್ತಲಿನ ಬಿಸಿಲಿಗೆ ಇಟ್ಟರು. ಇರುವೆಗಳು ಒಂದೊಂದಾಗಿ ಹೊರಟುಹೋಗುವವರೆಗೂ ಪಕ್ಕದ ನೆರಳಲ್ಲಿ ಕೂತಿದ್ದರು, ತೊಡೆಯ ಮೇಲೆ ನನ್ನ ಮಗಳನ್ನು ಮಲಗಿಸಿಕೊಂಡು.