ಶೀಟಲ್ಲಿ ತಾನೇ ಬಂದು ಬೀಳೋ ರಿಪೋರ್ಟು

ಅಂಗಡಿ ಕಂಪ್ಯೂಟ್ರು ಮುಂದೆ ಕೂತೋರಿಗೆ ವಾರಕ್ಕೊಂದಾದ್ರೂ ಇಂಥದ್ದು ಆಗ್ದೆ ಇರಲ್ಲ ಕಣ್ರೀ. ಅದ್ರಲ್ಲೂ ಇನ್ನೊಂದು ಬ್ರಾಂಚಲ್ಲಿ ನಿಮಗಿಂತ ಬುದ್ಧಿ ಇರೋಳು ಒಬ್ಳು ಬಂದ್ಲೋ, ಮುಗೀತು.

ನಮ್ದು ದನದ ಮೇವು, ಬೂಸಾ, ಹಿಂಡಿ ಹೋಲ್‌ಸೇಲು. ನಾನು ನಂಜನಗೂಡಲ್ಲಿ, ಅವಳು ಟಿ. ನರಸೀಪುರದಲ್ಲಿ. ದಿನದ ವ್ಯಾಪಾರದ ರಿಪೋರ್ಟು ಯಾರು ಚೆನ್ನಾಗ್ ಮಾಡ್ತಾರೋ ಅವ್ರಿಗೆ ಎರಡೂ ಬ್ರಾಂಚಿಂದು, ಇನ್ನೊಬ್ರು ಗೋಡೌನಲ್ಲಿ ಲೋಡಿಂಗ್ ನೋಡ್ಕಬೇಕು ಅಂತ ಯಜಮಾನ್ರು ಹೇಳ್ಬಿಟ್ಟಿದ್ರು.

ಕೈಯಿಂದ ಮಾಡಿದ್ದು

ನಾನು ದಿನಾ ಬಿಲ್ಲಿಂಗ್ ತೆಗ್ದು, ಯಾವ ತಾರೀಖಿಂದ ಯಾವ ತಾರೀಖಿಗೆ ಅಂತ ಹಾಕಿ, ಡೌನ್‌ಲೋಡ್ ಮಾಡಿ, ಗೂಗಲ್ ಶೀಟಿಗೆ ಅಂಟಿಸ್ತೀನಿ. ಅವಳದು ಬೆಳಿಗ್ಗೆ ಯಜಮಾನ್ರು ಹಲ್ಲುಜ್ಜೋಷ್ಟರಲ್ಲಿ ತಾನೇ ಬಂದು ಬಿದ್ದಿರುತ್ತೆ. ಹೊಟ್ಟೆ ಉರಿಯಲ್ವಾ?

"ನಿಂದ್ಯಾಕೋ ಮಧ್ಯಾಹ್ನ ಆಗುತ್ತೆ?" ಅಂದ್ರು.

"ನಂದು ಕೈಯಿಂದ ಮಾಡಿದ್ದು ಸಾ."

"ಕೈಯಿಂದ ಮಾಡೋಕೆ ಅದೇನು ಶಾವಿಗೆನಾ?"

ಹೆಮ್ಮರಗಾಲದ ಹಸು

ಸರಿ, ಫೋನ್ ಮಾಡಿ ಜೇನು ಸುರಿಸ್ದಂಗೆ ಮಾತಾಡಿ ರಿಪೋರ್ಟು ತಾನೇ ಬರೋಂಗೆ ಅವಳು ಬರ್ದಿಟ್ಟಿದ್ದ ಸ್ಕ್ರಿಪ್ಟ್ ಇಸ್ಕೊಂಡೆ. "ಅಣ್ಣ, ತಾರೀಖು ಒಂಚೂರು ನೋಡ್ಕೊಳ್ಳಿ" ಅಂದ್ಲು. ನನಗೇ ಹೇಳ್ಕೊಡ್ತಾಳೆ ನೋಡಿ ಅಂತ ನೋಡ್ಲೇ ಇಲ್ಲ. ನಮ್ಮ ಬಿಲ್ಲಿಂಗಲ್ಲಿ ದಿನ ಮೊದ್ಲು, ನನ್ನ ಶೀಟಲ್ಲಿ ತಿಂಗಳು ಮೊದ್ಲು. ಜೂನ್ ಐದರದ್ದು ಅಂತ 6/5 ಕೇಳಿದ್ರೆ ಮೇ ಆರರದ್ದು ಬಂದು ಕೂತಿತ್ತು. ಯಜಮಾನ್ರು ಅದನ್ನೇ ನಂಬಿ ಹೆಮ್ಮರಗಾಲದ ಗಿರಾಕಿಗೆ ಫೋನ್ ಹಚ್ಚಿದ್ರು.

"ನಿನ್ನೆ ತಗೊಂಡೋದ್ರಲ್ಲ, ಬೂಸಾ ಹೆಂಗೈತೆ ಗೌಡ್ರೇ?"

"ನಿನ್ನೆ ಎಲ್ ಬಂದಿದ್ದೆ ಸಾ? ಆ ಬೂಸಾ ತಿಂದ ಅಸುನೇ ಮಾರ್ಬುಟ್ಟೆ."

ಶ್ರಾವಣದ ಲೆಕ್ಕ

ಕೊನೆಗೆ ಯಾರಿಗೆ ರಿಪೋರ್ಟು, ಯಾರಿಗೆ ಗೋಡೌನು ಅಂತ ನೋಡೋ ಪರೀಕ್ಷೆ ದಿನ ಬಂತು. ಅವಳನ್ನೂ ನಂಜನಗೂಡಿಗೆ ಕರೆಸಿದ್ರು. ಯಜಮಾನ್ರು ಒಂದೇ ಮಾತು ಕೇಳಿದ್ದು: "ಶ್ರಾವಣದ ವ್ಯಾಪಾರ ಎಷ್ಟು?"

ನಂಗೆ ಒಳಗೊಳಗೇ ಖುಷಿ. ಅವ್ರ ತಿಂಗಳೆಲ್ಲ ಪಂಚಾಂಗದ್ದು, ಕಂಪ್ಯೂಟ್ರಿಗೆಲ್ಲಿ ಗೊತ್ತು ಶ್ರಾವಣ? ಗೋಡೆ ಕ್ಯಾಲೆಂಡರ್ ಕಿತ್ಕೊಂಡು, ಭೀಮನ ಅಮಾಸೆ ಮಾರನೇ ದಿನದಿಂದ ಬೆನಕನ ಅಮಾಸೆ ತನಕ ಅಂತ ಬೆರಳಿಟ್ಟು ಹುಡುಕ್ತಾ ಕೂತೆ. ಅವಳು ಶೀಟಲ್ಲಿ 'ಶ್ರಾವಣ' ಅಂತ ಟೈಪ್ ಮಾಡಿದ್ಲು, ಎರಡೂ ಬ್ರಾಂಚಿಂದು ದಬಕ್ಕಂತ ಬಂತು. ಅಮಾಸೆಗಳನ್ನೆಲ್ಲ ಮೊದ್ಲೇ ತುಂಬಿಸಿಟ್ಟಿದ್ಲು ಪುಣ್ಯಾತ್ಗಿತ್ತಿ.

"ಇನ್ಮೇಲೆ ಎರಡೂ ತಾನೇ ಬರುತ್ತೇನಮ್ಮ?" ಅಂದ್ರು ಯಜಮಾನ್ರು.

"ಹೂಂ ಸಾರ್, ಯಾರೂ ಮುಟ್ಟೋದೇ ಬೇಡ" ಅಂದ್ಲು, ನನ್ನ ಕಡೆ ನೋಡ್ಕೊಂಡು.

"ಯಾರೂ ಮುಟ್ಟೋದು ಬೇಡ ಅಂದ್ಮೇಲೆ ಇಲ್ಲಿ ನೀವ್ಯಾಕೆ? ಇಬ್ರೂ ಗೋಡೌನ್‌ಗೆ ನಡೀರಿ."

ಅವಳ ಮುಖ ನೋಡ್ಬೇಕಿತ್ತು. ಆಹಾ, ಹೊಟ್ಟೆ ತಣ್ಣಗಾಯ್ತು ಅಂತ ಕುಣ್ಕೊಂಡು ಹೋದೆ. ಗೋಡೌನ್ ಬಾಗ್ಲಲ್ಲೇ ಹಮಾಲಿಯೋರು "ಬನ್ನಿ ಮೇಡಂ" ಅಂತ ಫ್ಯಾನ್ ಕೆಳಗೆ ಕುರ್ಚಿ ಎಳೆದು ಹಾಕಿದ್ರು.

"ನಂಗೆ?" ಅಂದೆ.

"ನೀನು ಈ ಕಡೆ ಇಡ್ಕೋ ಕಣ್ಲಾ" ಅಂತ ಮೂಟೆ ತುದಿ ಕೊಟ್ರು.