ಗದಿಗೆಪ್ಪನ ಸತುವಿನ ಯಂತ್ರ

“ಮುಟ್ಟಬ್ಯಾಡ, ಬರೇ ನೋಡು,” ಎಂದು ಗದಿಗೆಪ್ಪ ಹೆಂಡತಿ ನಿಂಬೆವ್ವನನ್ನು ಶೆಡ್ಡಿನ ಬಾಗಿಲಲ್ಲೇ ತಡೆದ. ಹುಬ್ಬಳ್ಳಿಯ ಗೋಕುಲ ರೋಡಿನ ಆ ತಗಡಿನ ಶೆಡ್ಡಿನಲ್ಲಿ ಅವನು ಬೋಲ್ಟುಗಳಿಗೆ ತುಕ್ಕು ಹಿಡಿಯದಂತೆ ಸತುವಿನ ಲೇಪ ಕೊಡುತ್ತಿದ್ದ. ಈಗ ದ್ರಾವಣದ ತೊಟ್ಟಿಯೇ ಬೇಡದ ಯಂತ್ರವೊಂದನ್ನು ಕಟ್ಟಿದ್ದ. ಅದರ ನೆತ್ತಿಯ ಮೇಲೆ ದಿಕ್ಸೂಚಿಯಂಥ ಮುಳ್ಳೊಂದು ತಿರುಗುತ್ತಿತ್ತು.

ಕೆಂಪು ವೈರು ಸತುವಿನ ಗಟ್ಟಿಗೆ, ಕಪ್ಪು ವೈರು ಬೋಳು ಬೋಲ್ಟಿಗೆ. ಗುಂಡಿ ಒತ್ತಿದ. ಸತು ಪೆಪ್ಪರಮೆಂಟಿನಂತೆ ಕರಗಿತು, ಬೋಲ್ಟು ಮದುಮಗನಂತೆ ಮಿಂಚಿತು.

“ಒಂದು ಸವೀತೈತಿ, ಇನ್ನೊಂದು ಉಳೀತೈತಿ. ಸತು ತೀರಿದ್ರೂ ಇದು ನಿಲ್ಲಂಗಿಲ್ಲ. ಸುತ್ತಮುತ್ತ ಸವೆಯಾಕ ತಯಾರಿದ್ದದ್ದನ್ನ ಈ ಮುಳ್ಳು ತಾನ ಹುಡುಕ್ತೈತಿ.”

“ಬಂದ್ ಮಾಡೂ ಗುಂಡಿ ಎಲ್ಲೈತ್ರಿ?”

“ಅದನ್ನ ನಾಳೆ ಕೂಡಿಸ್ತೀನಿ. ನೀ ಮೊದಲ ಈ ಕಸ ಹೊಡಿ,” ಎನ್ನುತ್ತ ಕಪ್ಪು ವೈರಿನ ಕ್ಲಿಪ್ಪನ್ನು ತಾನು ಕಟ್ಟಿಕೊಂಡಿದ್ದ ಹಳೆಯ ಕೈಗಡಿಯಾರಕ್ಕೆ ಸಿಗಿಸಿದ. ಅದೂ ಮಿಂಚಲಿ ಎಂಬ ಆಸೆ.

ನಿಂಬೆವ್ವ ಬಗ್ಗಿ ಗುಡಿಸತೊಡಗಿದಳು. ಮುಳ್ಳು ಅವಳತ್ತ ತಿರುಗಿತು. ಅವಳು ಮೂಲೆಗೆ ಹೋದರೆ ಮೂಲೆಗೆ, ಕಿಟಕಿಗೆ ಹೋದರೆ ಕಿಟಕಿಗೆ. ಕೈಬಳೆ ತಾನಾಗಿ ಜಾರಿ ನೆಲದ ಮೇಲೆ ಉರುಳಿತು. ಎತ್ತಿಕೊಳ್ಳಲು ಹೋದರೆ, ತನ್ನ ಅಂಗೈಯ ಆಚೆಗೆ ಕಸಬರಿಗೆಯ ಕಡ್ಡಿಗಳು ಕಂಡವು.

“ಏನ್ರಿ, ನಾ ಕರಗಾಕತ್ತೀನಿ.” ದನಿ ಪಕ್ಕದ ಓಣಿಯಿಂದ ಬಂದಂತಿತ್ತು.

“ತಡಿ,” ಎಂದ ಗದಿಗೆಪ್ಪ, ಗೋಡೆಯ ಕನ್ನಡಿಯಿಂದ ಕಣ್ಣು ಕೀಳದೆ. ಮುಖದ ಸುಕ್ಕು ಮಾಯವಾಗಿತ್ತು. ಬೋಳುತಲೆ ಹೊಸ ಬಕೆಟ್ಟಿನಂತೆ ಹೊಳೆಯುತ್ತಿತ್ತು. ಬಡಿದು ನೋಡಿದ, ಠಣ್ ಎಂದಿತು. “ಇನ್ನ ಜನ್ಮಕ್ಕ ತುಕ್ಕ ಹಿಡಿಯಂಗಿಲ್ಲ ನೋಡ ನನಗ!”

ನಿಂಬೆವ್ವ ಪ್ಲಗ್ಗು ಕಿತ್ತೆಸೆದಳು. ಯಂತ್ರ ಗುಂಯ್‌ಗುಡುತ್ತಲೇ ಇತ್ತು. ಅದಕ್ಕೀಗ ಕರೆಂಟೂ ಅವಳಿಂದಲೇ ಸಿಗುತ್ತಿತ್ತು. ಬಾಗಿಲ ಬಿಸಿಲಿನಲ್ಲಿ ಕಸಬರಿಗೆಯ ನೆರಳಿತ್ತು, ಹಿಡಿದವಳ ನೆರಳಿರಲಿಲ್ಲ.

ಕಸಬರಿಗೆ ಕೆಳಗಿಟ್ಟು ಸ್ಟೂಲಿನ ಮೇಲೆ ಕೂತಳು. ಮುಳ್ಳು ನಡುಗಿ ನಿಂತಿತು. ಕಸಬರಿಗೆ ಎತ್ತಿದಳು, ಮತ್ತೆ ಅವಳತ್ತ ಬಂತು. ಇಟ್ಟಳು, ನಿಂತಿತು.

ಎದ್ದು ಗಂಡನ ಕೈಯ ಕ್ಲಿಪ್ಪು ಬಿಚ್ಚಿ ತನ್ನ ಸೆರಗಿಗೆ ಸಿಗಿಸಿಕೊಂಡಳು. “ಆ ಕಸ ನೀವ ಹೊಡೀರಿ.”

“ನಾನಾ?”

“ಇಲ್ಲಂದ್ರ ಸಂಜಿಕ ರೊಟ್ಟಿ ಬಡಿಯಾಕ ಕೈನ ಇರಂಗಿಲ್ಲ ನನಗ.”

ಆ ಮಾತು ನಾಟಿತು. ಗದಿಗೆಪ್ಪ ಕಸಬರಿಗೆ ಹಿಡಿದ. ಮುಳ್ಳು ಸರ್ರನೆ ಅವನತ್ತ ಹೊರಳಿತು. ತಲೆಯ ಹೊಳಪು ಮೊದಲು ಹೋಯಿತು, ಅದರ ಹಿಂದೆಯೇ ತಲೆ. ಇತ್ತ ನಿಂಬೆವ್ವನ ಬೆರಳುಗಳು ಒಂದೊಂದಾಗಿ ತುಂಬಿಕೊಂಡವು. ನೆರಳು ತೆವಳಿ ಬಂದು ಕಾಲಿಗೆ ಅಂಟಿತು.

“ಸಾಕೇನ?” ಎಂದಿತು ಕಸಬರಿಗೆ.

“ಆ ಮೂಲಿ ಉಳದೈತಿ.”

ಅಷ್ಟರಲ್ಲಿ ಪಕ್ಕದ ವೆಲ್ಡಿಂಗ್ ಅಂಗಡಿಯ ಇಮಾಮಸಾಬ ಬಾಗಿಲಿಗೆ ಬಂದ. ಒಳಗೆ ಕಸಬರಿಗೆಯೊಂದು ತಾನೇ ಗುಡಿಸುತ್ತಿತ್ತು. ಹೊಸ್ತಿಲ ಆಚೆಗೇ ನಿಂತು ಕೇಳಿದ.

“ಅಕ್ಕಾರ, ಗದಿಗೆಪ್ಪಣ್ಣ ಎಲ್ಲಿ?”

“ಇಲ್ಲೇ ಅದಾರಲ್ಲ. ಮೊದಲನೇ ಸಲ ಕಸ ಹೊಡ್ಯಾಕತ್ಯಾರ, ಅದಕ್ಕ ಗುರ್ತ ಸಿಗವಲ್ರು.”